ಟೈಮಿಂಗ್ ಬೆಲ್ಟ್ ತುಂಡಾದ ಡೀಸೆಲ್ ಎಂಜಿನ್ನಿನ ದುರಸ್ತಿ

ಓಡುತ್ತಿರುವ ಎಂಜಿನ್ನಿನಲ್ಲಿ ಟೈಮಿಂಗ್ ಬೆಲ್ಟ್ (ಕ್ರ್ಯಾಂಕಿನ ತಿರುಗುವಿಕೆಯನ್ನು ವಾಲ್ವ್ ತೆರೆಯುವ ಕ್ಯಾಮ್‌ಶಾಫ್ಟಿಗೆ ಸಾಗಿಸುವ ಪಟ್ಟಿ) ತುಂಡಾದರೆ, ಮತ್ತೊಮ್ಮೆ ಸ್ಟಾರ್ಟ್ ಮಾಡಿ ನೋಡುವ ಗೋಜಿಗೇ ಹೋಗಬಾರದು. ಡೀಸೆಲ್ ಎಂಜಿನ್ನಿನಲ್ಲಿ ಪಿಸ್ಟನ್ ಮೇಲ್ತುದಿಗೆ ಬಂದಾಗ ಸಿಲಿಂಡರಿನ ಮೇಲಿನ ಮುಚ್ಚಳವಾದ ಹೆಡ್‌ಗೂ ಅದಕ್ಕೂ ನಡುವೆ ಉಳಿಯುವ ಜಾಗ ಬಹಳ ಕಿರಿದಾದ್ದರಿಂದ, ಕ್ಯಾಮ್‌ಶಾಫ್ಟ್ ನಿಂತಾಗ ತೆರೆದೇ ಉಳಿದ ವಾಲ್ವ್‌ಗಳಿಗೆ ಪಿಸ್ಟನ್ ಬಡಿದಿರುವ ಸಂಭವವೇ ಹೆಚ್ಚು.

ಕವರ್ ಬಿಚ್ಚಿದೊಡನೆ ವಾಟರ್ ಪಂಪ್, ಬೆಲ್ಟನ್ನು ಬಿಗಿಯಾಗಿಡುವ ಟೆನ್ಷನರ್ ಮತ್ತು ಅದಕ್ಕೆ ದಾರಿ ತೋರುವ ರಾಟೆಗಳಾದ ಐಡ್ಲರ್‌ಗಳನ್ನು ಕೈಯಿಂದ ತಿರುಗಿಸಿ ನೋಡಿ. ಬೆಲ್ಟ್ ಹರಿಯಲು ಕಾರಣವಾದದ್ದು ಇವುಗಳಲ್ಲೊಂದು ಬಿಗಿದುಕೊಂಡಿದ್ದೋ ಆಯಿಲ್ ಸೋರಿಕೆಯೋ ಎಂಬುದು ತಿಳಿಯದೆ ಹೊಸ ಬೆಲ್ಟ್ ಹಾಕುವುದು ವ್ಯರ್ಥ.

ಹೆಡ್ ಇಳಿಸಿದಾಗ ಪಿಸ್ಟನ್ನಿನ ಕಪ್ಪು ಮಸಿಯ ನಡುವೆ ಅರ್ಧಚಂದ್ರಾಕಾರದ ಹೊಳೆಯುವ ಗುರುತು ಕಂಡರೆ ವಾಲ್ವ್ ಬಡಿದದ್ದು ಅಲ್ಲಿಯೇ. ಬಾಗಿದ ವಾಲ್ವ್‌ಗಳನ್ನು ಬದಲಿಸಿ, ಅವು ಜಾರುವ ಕೊಳವೆಗಳಾದ ಗೈಡ್‌ಗಳನ್ನೂ ಕ್ಯಾಮ್‌ಶಾಫ್ಟನ್ನೂ ಪರೀಕ್ಷಿಸಬೇಕು. ಅನೇಕರು ಇಲ್ಲಿಗೇ ನಿಲ್ಲಿಸುತ್ತಾರೆ, ಅದು ಸರಿಯಲ್ಲ: ಪ್ರತಿ ಪಿಸ್ಟನ್ ಮೇಲ್ತುದಿಯಲ್ಲಿರುವಾಗ ಸಿಲಿಂಡರುಗಳಿರುವ ಬ್ಲಾಕಿನಿಂದ ಎಷ್ಟು ಮೇಲೆ ಬರುತ್ತದೆಂದು ಡಯಲ್ ಗೇಜಿನಿಂದ ಅಳೆದಾಗ ಒಂದು ಮಾತ್ರ ತಗ್ಗಿದ್ದರೆ, ಅದನ್ನು ಕ್ರ್ಯಾಂಕಿಗೆ ಜೋಡಿಸುವ ಕನೆಕ್ಟಿಂಗ್ ರಾಡ್ ಬಾಗಿರಬಹುದು. ಹಲವು ಎಂಜಿನ್ನುಗಳಲ್ಲಿ ಹೆಡ್ ಮತ್ತು ಬ್ಲಾಕಿನ ನಡುವೆ ಕೂರುವ ಗ್ಯಾಸ್ಕೆಟ್ಟಿನ ದಪ್ಪವನ್ನೂ ಇದೇ ಅಳತೆ ನಿರ್ಧರಿಸುತ್ತದೆ.

ತಯಾರಕರು ಹೇಳಿದ ಕಡೆ ಹೊಸ ಹೆಡ್ ಬೋಲ್ಟ್‌ಗಳನ್ನೇ ಬಳಸಿ. ಶಾಫ್ಟುಗಳು ಅಲುಗದಂತೆ ಹಿಡಿಯುವ ಲಾಕಿಂಗ್ ಪಿನ್ನುಗಳನ್ನು ಹಾಕಿ ಬೆಲ್ಟ್ ಕೂರಿಸಿ, ಪಿನ್ನುಗಳನ್ನು ತೆಗೆದ ಬಳಿಕ ಕ್ರ್ಯಾಂಕನ್ನು ಸ್ಪ್ಯಾನರಿನಿಂದ 2 ಪೂರ್ಣ ಸುತ್ತು ನಿಧಾನವಾಗಿ ತಿರುಗಿಸಿ. ಎಲ್ಲಿಯಾದರೂ ಗಟ್ಟಿಯಾಗಿ ತಡೆದರೆ ಬಲ ಹಾಕದೆ ಟೈಮಿಂಗ್ ಗುರುತುಗಳನ್ನು ಮತ್ತೆ ನೋಡಿ.