ಕ್ರೋಮ್ ಹೊದಿಕೆಯ ವೀಲ್ ಇರುವ ಟ್ರಕ್ ನಡುಗುತ್ತಿದ್ದರೆ

ವೀಲ್ ಬ್ಯಾಲೆನ್ಸಿಂಗ್‌ಗೆ (ಸಣ್ಣ ತೂಕ ಸೇರಿಸಿ ವೀಲಿನ ಭಾರ ಸುತ್ತಲೂ ಸಮ ಮಾಡುವುದು) ಕೊಡುವ ಮೊದಲು ನಡುಕ ಯಾವಾಗ ಬರುತ್ತದೆ ನೋಡಿ. ಬ್ರೇಕ್ ಒತ್ತಿದಾಗ ಮಾತ್ರ ಬಂದರೆ ಡಿಸ್ಕ್ ಪರೀಕ್ಷಿಸಿ. ನ್ಯೂಟ್ರಲ್‌ನಲ್ಲಿ ರೇಸ್ ಮಾಡಿದಾಗಲೂ ಇದ್ದರೆ ಎಂಜಿನ್ ಮೌಂಟ್ (ಎಂಜಿನ್ ಕೂರುವ ಆಧಾರ) ಪರೀಕ್ಷಿಸಿ. ಎಕ್ಸಲರೇಟರ್ ಒತ್ತಿದಾಗ ಹೆಚ್ಚಾದರೆ ಎಂಜಿನ್ ಶಕ್ತಿಯನ್ನು ಚಕ್ರಗಳತ್ತ ಒಯ್ಯುವ ಪ್ರೊಪೆಲ್ಲರ್ ಶಾಫ್ಟ್‌ನ ಜಾಯಿಂಟ್ ಮೇಲೆ ಅನುಮಾನ. ಸುಮಾರು 80ರಿಂದ 110 ಕಿ.ಮೀ. ವೇಗದಲ್ಲಷ್ಟೇ ಬಂದರೆ ಹೆಚ್ಚಾಗಿ ವೀಲೇ ಕಾರಣ: ಸ್ಟೀರಿಂಗ್ ನಡುಗಿದರೆ ಮುಂದಿನದು, ಸೀಟು ನಡುಗಿದರೆ ಹಿಂದಿನದು.

ಈ ವೀಲ್‌ಗಳಲ್ಲಿ ಹೊಳೆಯುವುದು ರಿಮ್‌ನ ಲೋಹವಲ್ಲ, ಅದಕ್ಕೆ ಅಂಟಿಸಿದ ಕ್ರೋಮ್ ಲೇಪಿತ ಪ್ಲಾಸ್ಟಿಕ್ ಹೊದಿಕೆ. ಹೊರ ಅಂಚಿಗೆ ಕ್ಲಿಪ್ ತೂಕ ಬಡಿಯಬಾರದು. ಕೂರುವುದೂ ಇಲ್ಲ, ಹೊದಿಕೆಯೂ ಸೀಳುತ್ತದೆ. ರಿಮ್‌ನ ಒಳಭಾಗ ಒರೆಸಿ ಅಂಟು ತೂಕ ಹಾಕಿಸಿ. ಮುಖ್ಯವಾಗಿ, ಬ್ಯಾಲೆನ್ಸಿಂಗ್ ಮೆಷಿನ್‌ನ ಕೋನ್ (ವೀಲನ್ನು ನಡುವಿಗೆ ಸರಿಯಾಗಿ ಕೂರಿಸುವ ಶಂಕು) ವೀಲಿನ ಹಿಂಬದಿಯಿಂದ ಲೋಹದ ನಡುರಂಧ್ರಕ್ಕೆ ಕೂರಬೇಕು. ಎದುರಿನಿಂದ ಪ್ಲಾಸ್ಟಿಕ್ ಮೇಲೆ ಬಿಗಿದರೆ ಕೇಂದ್ರ ತಪ್ಪುತ್ತದೆ, ಮೆಷಿನ್ ಅಸಮತೋಲನ ಸೊನ್ನೆ ಎಂದು ತೋರಿಸಿದರೂ ರಸ್ತೆಯಲ್ಲಿ ನಡುಕ ಹಾಗೇ ಇರುತ್ತದೆ. ಬಹಳ ಕಡೆ ಎಡವುವುದು ಇಲ್ಲೇ. ಸಡಿಲಿಸಿ, ತಿರುಗಿಸಿ ಮತ್ತೆ ಕೂರಿಸಿ ಅಳೆಯಲು ಹೇಳಿ. ಅಂಕಿ ಬದಲಾದರೆ ಕೂರಿಸಿದ್ದೇ ಸರಿಯಿಲ್ಲ.

ಹೊದಿಕೆ ಎದ್ದಿದ್ದರೆ ಒಳಗೆ ನೀರು, ಕೆಸರು ಸೇರಿ ತೂಕ ಬದಲಾಗುತ್ತಲೇ ಇರುತ್ತದೆ. ಅಂಥ ವೀಲನ್ನು ಬದಲಿಸುವುದೇ ಮೇಲು. ಎಲ್ಲ ಸರಿಯಿದ್ದೂ ನಡುಗಿದರೆ ಟೈರನ್ನು ರಿಮ್ ಮೇಲೆ 180 ಡಿಗ್ರಿ ತಿರುಗಿಸಿ ನೋಡಿ. ವೀಲ್ ಕೂರುವ ಹಬ್‌ನ ತುಕ್ಕು ಉಜ್ಜಿ, ನಟ್‌ಗಳನ್ನು ಎದುರುಬದುರಾಗಿ ಟಾರ್ಕ್ ವ್ರೆಂಚ್‌ನಿಂದಲೇ (ಬಿಗಿಯನ್ನು ಅಳೆಯುವ ಸ್ಪ್ಯಾನರ್) ಬಿಗಿಯಿರಿ.