ಅಮೆರಿಕಕ್ಕೆ ಹೊಸದಾಗಿ ಬಂದವರಿಗೆ: ಮಕ್ಕಳನ್ನು ಪಬ್ಲಿಕ್ ಶಾಲೆಗೆ ಸೇರಿಸುವುದೋ, ಖಾಸಗಿ ಶಾಲೆಗೋ?

ಮಕ್ಕಳೊಂದಿಗೆ ಅಮೆರಿಕಕ್ಕೆ ಬಂದಿಳಿದ ಕನ್ನಡಿಗರು ಮನೆ, ಕಾರು, ಡ್ರೈವಿಂಗ್ ಲೈಸೆನ್ಸಿನ ಓಡಾಟ ಮುಗಿಯುವ ಮೊದಲೇ ಕೇಳುವ ಪ್ರಶ್ನೆಯೊಂದಿದೆ: ಖಾಸಗಿ ಶಾಲೆಗೆ ಅಷ್ಟೊಂದು ಹಣ ಕಟ್ಟಿದರೆ ಮಗುವಿಗೆ ನಿಜವಾಗಿಯೂ ಪ್ರಯೋಜನವಿದೆಯೇ? ನನ್ನ ಉತ್ತರವನ್ನು ಮೊದಲೇ ಹೇಳಿಬಿಡುತ್ತೇನೆ. ಬಾಡಿಗೆ ಮನೆಯನ್ನು ಶಾಲೆ ನೋಡಿಕೊಂಡು ಹಿಡಿಯಿರಿ. ಕನಿಷ್ಠ ಒಂದು ವರ್ಷ ಮಗುವನ್ನು ಅಲ್ಲಿನ ಪಬ್ಲಿಕ್ ಶಾಲೆಗೆ, ಅಂದರೆ ಸರ್ಕಾರಿ ಶಾಲೆಗೆ, ಕಳುಹಿಸಿ. ಆ ಒಂದು ವರ್ಷದಲ್ಲಿ ನಿಮ್ಮ ಮಗುವಿಗೆ ಏನು ಸಿಗುತ್ತಿಲ್ಲವೆಂಬುದು ಸ್ಪಷ್ಟವಾಗಿ ಕಂಡುಬಂದರೆ, ಅದನ್ನೇ ಕೊಡಬಲ್ಲ ಖಾಸಗಿ ಶಾಲೆಯನ್ನು ಆಗ ಹುಡುಕಿ. ಕೊರತೆ ಯಾವುದೆಂದು ತಿಳಿಯುವ ಮೊದಲೇ, ಖಾಸಗಿಯೆಂಬ ಒಂದೇ ಕಾರಣಕ್ಕೆ ಶುಲ್ಕ ಕಟ್ಟುವುದನ್ನು ನಾನು ಒಪ್ಪುವುದಿಲ್ಲ.

ಅನುಕೂಲವಿದ್ದವರು ಮಕ್ಕಳನ್ನು ಸರ್ಕಾರಿ ಶಾಲೆಗೆ ಕಳುಹಿಸುವುದಿಲ್ಲ, ಶುಲ್ಕ ಹೆಚ್ಚಿದ್ದಷ್ಟೂ ಶಾಲೆ ಒಳ್ಳೆಯದಿರುತ್ತದೆ ಎಂಬ ಭಾವನೆಯನ್ನು ನಾವು ಊರಿನಿಂದಲೇ ತಂದಿರುತ್ತೇವೆ. ಅಮೆರಿಕದಲ್ಲಿ ಈ ಲೆಕ್ಕ ನಡೆಯುವುದಿಲ್ಲ. ಇಲ್ಲಿ ಹತ್ತು ಮಕ್ಕಳಲ್ಲಿ ಸುಮಾರು ಒಂಬತ್ತು ಮಕ್ಕಳು ಓದುವುದು ಪಬ್ಲಿಕ್ ಶಾಲೆಗಳಲ್ಲಿ. ಅವರಲ್ಲಿ ವೈದ್ಯರ, ಪ್ರಾಧ್ಯಾಪಕರ, ಕಂಪನಿಗಳ ಹಿರಿಯ ಅಧಿಕಾರಿಗಳ ಮಕ್ಕಳೂ ಇದ್ದಾರೆ. ನ್ಯೂಯಾರ್ಕಿನ ಸ್ಟೈವೆಸೆಂಟ್ ಹೈಸ್ಕೂಲ್, 1938ರಲ್ಲಿ ಆರಂಭವಾದ ಬ್ರಾಂಕ್ಸ್ ಹೈಸ್ಕೂಲ್ ಆಫ್ ಸೈನ್ಸ್ ಮುಂತಾದ, ಪ್ರವೇಶ ಪರೀಕ್ಷೆ ಬರೆದು ಸೇರಬೇಕಾದ ಹೆಸರಾಂತ ಶಾಲೆಗಳು ಕೂಡ ಬೋಧನಾ ಶುಲ್ಕವಿಲ್ಲದ ಪಬ್ಲಿಕ್ ಶಾಲೆಗಳೇ. ಇನ್ನೊಂದು ಕಡೆ, ಖಾಸಗಿ ಶಾಲೆಗಳಲ್ಲಿ ಹೆಚ್ಚಿನವು ಕ್ರೈಸ್ತ ಅಥವಾ ಬೇರೆ ಧಾರ್ಮಿಕ ಸಂಸ್ಥೆಗಳಿಗೆ ಸೇರಿದವು. ಅವುಗಳಲ್ಲಿ ಬಹಳ ಒಳ್ಳೆಯವೂ ಇವೆ, ಸಾಧಾರಣವಾದವೂ ಇವೆ.

ಹಾಗೆಂದು ಎಲ್ಲ ಪಬ್ಲಿಕ್ ಶಾಲೆಗಳೂ ಒಂದೇ ಮಟ್ಟದಲ್ಲಿವೆ ಎಂದು ತಿಳಿಯಬೇಡಿ. ಶಾಲೆಗಳನ್ನು ನಡೆಸುವುದು ಆಯಾ ಪ್ರದೇಶದ ಸ್ಕೂಲ್ ಡಿಸ್ಟ್ರಿಕ್ಟ್ ಎಂಬ ಸ್ಥಳೀಯ ಆಡಳಿತ ಸಂಸ್ಥೆ. ಅದರ ಆದಾಯದ ದೊಡ್ಡ ಪಾಲು ಅನೇಕ ರಾಜ್ಯಗಳಲ್ಲಿ ಸ್ಥಳೀಯ ಆಸ್ತಿ ತೆರಿಗೆಯಿಂದ ಬರುತ್ತದೆ. ಮಗು ಯಾವ ಶಾಲೆಗೆ ಹೋಗಬೇಕೆಂಬುದನ್ನು ಬಹುಪಾಲು ನಿಮ್ಮ ಮನೆಯ ವಿಳಾಸವೇ ನಿರ್ಧರಿಸುತ್ತದೆ. ಒಂದೇ ಬೀದಿಯ ಎರಡು ಬದಿಗಳು ಬೇರೆ ಬೇರೆ ಶಾಲೆಗಳ ವ್ಯಾಪ್ತಿಗೆ ಸೇರಿರುವುದು ಇಲ್ಲಿ ಸಾಮಾನ್ಯ. ಆದ್ದರಿಂದ ಲೀಸಿಗೆ ಸಹಿ ಹಾಕುವ ಮೊದಲು ಡಿಸ್ಟ್ರಿಕ್ಟಿನ ಜಾಲತಾಣದಲ್ಲಿ ಆ ಮನೆಯ ವಿಳಾಸವನ್ನೇ ಹಾಕಿ ನೋಡಿ. ಮನೆ ತೋರಿಸುವ ಜಾಲತಾಣಗಳಲ್ಲಿ ಬರೆದಿರುವ ಶಾಲೆಯ ಹೆಸರನ್ನು ನಂಬಿ ಕೂರಬೇಡಿ. ನಮ್ಮವರು ಹೆಚ್ಚಾಗಿ ನೆಲೆಸಿರುವ ಕೆಲವು ಊರುಗಳಲ್ಲಿ ಶಾಲೆ ತುಂಬಿಹೋಗಿ, ವ್ಯಾಪ್ತಿಯೊಳಗಿನ ಮಗುವನ್ನೂ ಅದೇ ಡಿಸ್ಟ್ರಿಕ್ಟಿನ ಮತ್ತೊಂದು ಶಾಲೆಗೆ ಕಳುಹಿಸುವುದುಂಟು. ಹೀಗಾಗಿ ಡಿಸ್ಟ್ರಿಕ್ಟ್ ಕಚೇರಿಗೆ ಫೋನ್ ಮಾಡಿ, ನಿಮ್ಮ ಮಗುವಿನ ಗ್ರೇಡಿನಲ್ಲಿ ಜಾಗ ಇದೆಯೇ ಎಂದು ಕೇಳುವುದು ಒಳ್ಳೆಯದು.

ಗ್ರೇಟ್‌ಸ್ಕೂಲ್ಸ್ ಜಾಲತಾಣ ಹತ್ತಕ್ಕೆ ಇಷ್ಟು ಎಂದು ಕೊಡುವ ಅಂಕವನ್ನು ನಮ್ಮವರು ಜಾತಕದಂತೆ ನೋಡುತ್ತಾರೆ. ಆ ಅಂಕದಲ್ಲಿ ರಾಜ್ಯದ ಪರೀಕ್ಷಾ ಫಲಿತಾಂಶಗಳ ಪಾಲು ದೊಡ್ಡದು, ಆ ಫಲಿತಾಂಶಗಳು ಪೋಷಕರ ಆದಾಯ ಮತ್ತು ವಿದ್ಯಾಭ್ಯಾಸದೊಂದಿಗೆ ಬಹಳಮಟ್ಟಿಗೆ ಹೆಣೆದುಕೊಂಡಿರುತ್ತವೆ. ಒಂಬತ್ತು ಅಂಕದ ಶಾಲೆಗೂ ಏಳು ಅಂಕದ ಶಾಲೆಗೂ ಪಾಠ ಹೇಳುವುದರಲ್ಲಿ ಅಷ್ಟೇ ಅಂತರ ಇರಬೇಕೆಂದಿಲ್ಲ. 2015ರ ಕೇಂದ್ರ ಕಾನೂನಿನ ಪ್ರಕಾರ ಪ್ರತಿಯೊಂದು ರಾಜ್ಯವೂ ತನ್ನ ಪಬ್ಲಿಕ್ ಶಾಲೆಗಳ ವರದಿಯನ್ನು ಪ್ರಕಟಿಸಬೇಕು. ಅದರಲ್ಲಿ ಮಕ್ಕಳ ಗೈರುಹಾಜರಿ, ಇಂಗ್ಲಿಷ್ ಕಲಿಯುತ್ತಿರುವ ಮಕ್ಕಳ ಪ್ರಗತಿ ಮುಂತಾದ ವಿವರಗಳನ್ನು ಓದಿದರೆ ಶಾಲೆಯ ಚಿತ್ರ ಇನ್ನಷ್ಟು ಚೆನ್ನಾಗಿ ಸಿಗುತ್ತದೆ. ಖಾಸಗಿ ಶಾಲೆಗಳಿಗೆ ಸಾಮಾನ್ಯವಾಗಿ ಇಂಥ ವರದಿಯೇ ಇರುವುದಿಲ್ಲ, ಹೆಚ್ಚಿನ ರಾಜ್ಯಗಳಲ್ಲಿ ಅಲ್ಲಿನ ಶಿಕ್ಷಕರಿಗೆ ರಾಜ್ಯದ ಶಿಕ್ಷಕ ಪರವಾನಗಿಯೂ ಕಡ್ಡಾಯವಲ್ಲ. ಇದನ್ನು ಅವುಗಳ ಮೇಲಿನ ದೂರಾಗಿ ಹೇಳುತ್ತಿಲ್ಲ. ಹೊರಗಿನಿಂದ ಅಳೆಯುವ ಕೋಲು ಅಲ್ಲಿ ಇಲ್ಲವಾದ್ದರಿಂದ ನೀವೇ ಹೋಗಿ ಕಣ್ಣಾರೆ ನೋಡಬೇಕಾಗುತ್ತದೆ.

ಪಬ್ಲಿಕ್ ಶಾಲೆಯ ದೊಡ್ಡ ಬಲವೆಂದರೆ ಅದು ನಿಮ್ಮ ಮಗುವಿಗೆ ಕಾನೂನಿನ ಪ್ರಕಾರ ಋಣಿಯಾಗಿರುವುದು. ಕೆಲಸದ ವೀಸಾದವರ ಕುಟುಂಬಕ್ಕೆ ಕೊಡುವ ಎಚ್-4 ಅಥವಾ ಎಲ್-2 ವೀಸಾದಲ್ಲಿ ಬಂದ ಮಗು ಅಕ್ಟೋಬರಿನಲ್ಲಿ ಬರಲಿ, ಫೆಬ್ರವರಿಯಲ್ಲಿ ಬರಲಿ, ಡಿಸ್ಟ್ರಿಕ್ಟ್ ಅದನ್ನು ಸೇರಿಸಿಕೊಳ್ಳಲೇಬೇಕು. ವಾಸದ ದಾಖಲೆ, ಜನನ ಪ್ರಮಾಣಪತ್ರ, ಲಸಿಕೆಯ ವಿವರ, ಇಷ್ಟಿದ್ದರೆ ಸಾಮಾನ್ಯವಾಗಿ ಸಾಕು. ಅನೇಕ ಖಾಸಗಿ ಶಾಲೆಗಳಲ್ಲಾದರೋ ಮುಂದಿನ ಆಗಸ್ಟಿನ ಪ್ರವೇಶಕ್ಕೆ ಹಿಂದಿನ ಡಿಸೆಂಬರ್ ಅಥವಾ ಜನವರಿಯಲ್ಲೇ ಅರ್ಜಿ ಮುಗಿದಿರುತ್ತದೆ.

ಸೇರಿಸುವ ದಿನ ನಿಮ್ಮ ಮುಂದೆ ಇಡುವ ಕಾಗದಗಳಲ್ಲಿ ಒಂದರ ಬಗ್ಗೆ ಸ್ವಲ್ಪ ವಿವರವಾಗಿ ಹೇಳಬೇಕು. ಮಗು ಮೊದಲು ಕಲಿತ ಭಾಷೆ ಯಾವುದು, ಮನೆಯಲ್ಲಿ ಹೆಚ್ಚಾಗಿ ಆಡುವ ಭಾಷೆ ಯಾವುದು, ದೊಡ್ಡವರು ಮಗುವಿನೊಂದಿಗೆ ಯಾವ ಭಾಷೆಯಲ್ಲಿ ಮಾತಾಡುತ್ತಾರೆ ಎಂಬ ನಾಲ್ಕಾರು ಪ್ರಶ್ನೆಗಳು ಅದರಲ್ಲಿರುತ್ತವೆ. "ಕನ್ನಡ ಅಂತ ಬರೆದರೆ ಮಗುವನ್ನು ಹಿಂದಿನ ಬೆಂಚಿಗೆ ಹಾಕುತ್ತಾರೆ, ಇಂಗ್ಲಿಷ್ ಅಂತಲೇ ಬರೆದುಬಿಡಿ" ಎಂದು ಸಲಹೆ ಕೊಡುವವರು ನಿಮಗೆ ಸಿಕ್ಕೇ ಸಿಗುತ್ತಾರೆ. ದಯವಿಟ್ಟು ನಿಜವನ್ನೇ ಬರೆಯಿರಿ. ಕನ್ನಡವೆಂದು ಬರೆದರೆ ಮಗುವಿಗೆ ಒಂದು ಇಂಗ್ಲಿಷ್ ಪರೀಕ್ಷೆ ಇರುತ್ತದೆ. ಕ್ಯಾಲಿಫೋರ್ನಿಯಾದಲ್ಲಿ ಇದಕ್ಕೆ ಎಲ್ಪ್ಯಾಕ್ ಎನ್ನುತ್ತಾರೆ, ಸೇರಿದ 30 ದಿನಗಳೊಳಗೆ ಅದನ್ನು ನಡೆಸಬೇಕು. ಇಂಗ್ಲಿಷ್ ಚೆನ್ನಾಗಿ ಬರುವ ಮಗುವಿನ ವಿಷಯ ಅಲ್ಲಿಗೇ ಮುಗಿಯುತ್ತದೆ. ಬಾರದ ಮಗುವಿಗೆ ಇಂಗ್ಲಿಷ್ ಕಲಿಸಲು ಶಾಲೆ ವಿಶೇಷ ವ್ಯವಸ್ಥೆ ಮಾಡಲೇಬೇಕಾಗುತ್ತದೆ. ಈ ಹೊಣೆ ಸುಮ್ಮನೆ ಬಂದದ್ದಲ್ಲ: ಸ್ಯಾನ್ ಫ್ರಾನ್ಸಿಸ್ಕೋದ ಚೀನೀ ಮೂಲದ ಮಕ್ಕಳ ಪರವಾಗಿ ಹೂಡಿದ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು 1974ರಲ್ಲಿ ಕೊಟ್ಟ ತೀರ್ಪು ಇದರ ಹಿಂದಿದೆ. ನಮ್ಮ ಮಕ್ಕಳು ಇಂದು ಅದರ ಫಲ ಉಣ್ಣುತ್ತಿದ್ದಾರೆ, ಅದನ್ನು ಸಂಕೋಚದಿಂದ ಬಿಟ್ಟುಕೊಡಬಾರದು. ಆ ನೆರವು ಬೇಡವೆನ್ನಿಸಿದರೆ ನಿರಾಕರಿಸುವ ಹಕ್ಕೂ ಪೋಷಕರಿಗಿದೆ, ಆದರೆ ವರ್ಷಕ್ಕೊಮ್ಮೆ ನಡೆಯುವ ಇಂಗ್ಲಿಷ್ ಪರೀಕ್ಷೆ ಮುಂದುವರಿಯುತ್ತದೆ.

ಮಾತು ತಡವಾದ ಮಕ್ಕಳು, ಓದಲು ಬರೆಯಲು ವಿಪರೀತ ಕಷ್ಟಪಡುವ ಮಕ್ಕಳು, ಆಟಿಸಂ ಇರುವ ಮಕ್ಕಳು, ಇವರ ವಿಷಯದಲ್ಲಿ ಪಬ್ಲಿಕ್ ಶಾಲೆಯನ್ನು ಬಿಡುವ ಮೊದಲು ಹತ್ತು ಸಲ ಯೋಚಿಸಿ. 1975ರಲ್ಲಿ ಮೊದಲು ಬಂದ ಕೇಂದ್ರ ಕಾನೂನಿನಡಿ ಪೋಷಕರು ಲಿಖಿತವಾಗಿ ಕೇಳಿಕೊಂಡು ಮೌಲ್ಯಮಾಪನ ಮಾಡಿಸಬಹುದು. ರಾಜ್ಯ ಬೇರೆ ಗಡುವು ಇಟ್ಟುಕೊಂಡಿಲ್ಲವಾದರೆ, ಪೋಷಕರು ಒಪ್ಪಿಗೆ ಕೊಟ್ಟ 60 ದಿನಗಳೊಳಗೆ ಅದು ಮುಗಿಯಬೇಕು. ಅಗತ್ಯವೆಂದು ಕಂಡುಬಂದರೆ ಐಇಪಿ ಎಂಬ ವೈಯಕ್ತಿಕ ಯೋಜನೆ ಬರೆದು, ಸ್ಪೀಚ್ ಥೆರಪಿಯಂಥ ಸೇವೆಗಳನ್ನು ಉಚಿತವಾಗಿ ಕೊಡಬೇಕು. ಪೋಷಕರೇ ಇಷ್ಟಪಟ್ಟು ಖಾಸಗಿ ಶಾಲೆಗೆ ಸೇರಿಸಿದ ಮಗುವಿಗೂ ಡಿಸ್ಟ್ರಿಕ್ಟಿನಿಂದ ಮೌಲ್ಯಮಾಪನ ಸಿಗುತ್ತದೆ, ಆದರೆ ಪೂರ್ಣ ಸೇವೆಗಳ ಹಕ್ಕು ಅದಕ್ಕಿರುವುದಿಲ್ಲ. ಚಿಕ್ಕ ತರಗತಿ, ಪ್ರೀತಿಯ ಟೀಚರ್ ಇದ್ದಾರೆಂದು ಇಂಥ ಮಗುವನ್ನು ಖಾಸಗಿ ಶಾಲೆಗೆ ಸೇರಿಸಿದವರು, ಥೆರಪಿಗೆಂದು ಹೊರಗೆ ಮತ್ತೆ ಹಣ ತೆರುತ್ತಿರುವುದನ್ನು ನೋಡಿದ್ದೇನೆ.

ಆದರೂ ಖಾಸಗಿ ಶಾಲೆಯೇ ಸರಿಯಾದ ಜಾಗವಾಗಿರುವ ಮಕ್ಕಳಿದ್ದಾರೆ. ನನಗೆ ಪರಿಚಯವಿರುವ ಒಂದು ಕುಟುಂಬದ ಹುಡುಗಿ ಮೂರನೇ ಗ್ರೇಡಿಗೆ ಇಲ್ಲಿಗೆ ಬಂದಳು. ಇಂಗ್ಲಿಷ್ ಬರುತ್ತಿತ್ತು, ಗಣಿತದಲ್ಲಿ ಮುಂದಿದ್ದಳು, ಆದರೆ ಆ ದೊಡ್ಡ ತರಗತಿಯಲ್ಲಿ ಬಾಯಿಯೇ ಬಿಡುತ್ತಿರಲಿಲ್ಲ. ಊಟದ ಡಬ್ಬಿ ತೆರೆಯದೆ ಹಾಗೇ ಮನೆಗೆ ಬರುತ್ತಿತ್ತು. ಟೀಚರ್ ಒಳ್ಳೆಯವರೇ, ಕೌನ್ಸೆಲರ್ ಕೂಡ ಕೈಲಾದ ಪ್ರಯತ್ನ ಮಾಡಿದರು. ವರ್ಷ ಕಳೆದರೂ ಬದಲಾಗದಿದ್ದಾಗ ತಂದೆತಾಯಿ ಅವಳನ್ನು ಹದಿನಾಲ್ಕು ಮಕ್ಕಳ ತರಗತಿಯಿದ್ದ ಚಿಕ್ಕ ಶಾಲೆಯೊಂದಕ್ಕೆ ಸೇರಿಸಿದರು, ಕೆಲವೇ ತಿಂಗಳಲ್ಲಿ ಅವಳು ಕೈಯೆತ್ತಿ ಉತ್ತರ ಹೇಳತೊಡಗಿದಳು. ಅವರು ಕಟ್ಟಿದ ಪ್ರತಿಯೊಂದು ಡಾಲರೂ ಸಾರ್ಥಕವೆಂದೇ ನನ್ನ ಅಭಿಪ್ರಾಯ, ಏಕೆಂದರೆ ಯಾವ ಕೊರತೆಗಾಗಿ ಕಟ್ಟುತ್ತಿದ್ದೇವೆಂಬುದು ಅವರಿಗೆ ಗೊತ್ತಿತ್ತು.

ಇಬ್ಬರೂ ಕೆಲಸಕ್ಕೆ ಹೋಗುವ ಮನೆಗಳಲ್ಲಿ ಇನ್ನೊಂದು ಕಾರಣವೂ ಇರುತ್ತದೆ. ಪಬ್ಲಿಕ್ ಶಾಲೆ ಮಧ್ಯಾಹ್ನ ಎರಡೂವರೆ, ಮೂರಕ್ಕೇ ಬಿಟ್ಟುಬಿಡುತ್ತದೆ. ಶಾಲೆಯ ನಂತರದ ಡೇಕೇರ್‌ನಲ್ಲಿ ಜಾಗ ಸಿಗುವುದು ಕಷ್ಟ, ಸಿಕ್ಕರೂ ತಿಂಗಳಿಗೆ ಇಂತಿಷ್ಟೆಂದು ಕಟ್ಟಬೇಕು. ಅನೇಕ ಖಾಸಗಿ ಶಾಲೆಗಳು ಸಂಜೆಯವರೆಗೂ ಮಕ್ಕಳನ್ನು ನೋಡಿಕೊಳ್ಳುತ್ತವೆ. ಕಿಂಡರ್‌ಗಾರ್ಟನ್ ವಯಸ್ಸಿನಲ್ಲಿ ಈ ಎರಡು ಲೆಕ್ಕಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡಿದರೆ ಅಂತರ ನೀವು ಅಂದುಕೊಂಡಷ್ಟು ಇರದಿರಬಹುದು. ವಯಸ್ಸಿನ ಗಡುವನ್ನೂ ಗಮನಿಸಿ. ಕ್ಯಾಲಿಫೋರ್ನಿಯಾದಲ್ಲಿ ಸೆಪ್ಟೆಂಬರ್ 1ಕ್ಕೆ ಐದು ವರ್ಷ ತುಂಬಿರಬೇಕು, ನ್ಯೂಯಾರ್ಕ್ ನಗರದಲ್ಲಿ ಆ ಕ್ಯಾಲೆಂಡರ್ ವರ್ಷದೊಳಗೆ ತುಂಬಿದರೆ ಸಾಕು. ಗಡುವು ಕೆಲವೇ ದಿನಗಳಿಂದ ತಪ್ಪಿತೆಂದು ಖಾಸಗಿ ಕಿಂಡರ್‌ಗಾರ್ಟನ್‌ಗೆ ಸೇರಿಸಿ, ಮರುವರ್ಷ ಪಬ್ಲಿಕ್ ಶಾಲೆಯ ಒಂದನೇ ಗ್ರೇಡಿಗೆ ತರುವ ಯೋಜನೆ ಹಾಕುವವರು, ತಮ್ಮ ಡಿಸ್ಟ್ರಿಕ್ಟ್ ಅದಕ್ಕೆ ಒಪ್ಪುತ್ತದೆಯೇ ಎಂದು ಮೊದಲೇ ಕೇಳಿ ತಿಳಿಯಬೇಕು. ಎಲ್ಲ ಕಡೆ ಒಪ್ಪುವುದಿಲ್ಲ.

ಈಗ ಹಣದ ಮಾತು. ನ್ಯೂಯಾರ್ಕಿನ ಹೆಸರುವಾಸಿಯಾದ ಕೆಲವು ಖಾಸಗಿ ಶಾಲೆಗಳ ವಾರ್ಷಿಕ ಶುಲ್ಕ 60,000 ಡಾಲರ್ ದಾಟಿದೆ. ಚರ್ಚುಗಳು ನಡೆಸುವ ಪ್ರಾಥಮಿಕ ಶಾಲೆಗಳಲ್ಲಿ ಅದಕ್ಕಿಂತ ಬಹಳ ಕಡಿಮೆ. ನಡುವಿನ ಒಂದು ಅಂಕಿಯನ್ನು, 25,000 ಡಾಲರ್ ಎಂದು, ಹಿಡಿದು ಲೆಕ್ಕ ಹಾಕಿ. ಶುಲ್ಕ ಏರುವುದೇ ಇಲ್ಲವೆಂದುಕೊಂಡರೂ ಕಿಂಡರ್‌ಗಾರ್ಟನ್‌ನಿಂದ ಹನ್ನೆರಡನೇ ಗ್ರೇಡಿನವರೆಗಿನ 13 ವರ್ಷಗಳಿಗೆ ಒಂದು ಮಗುವಿಗೆ 3,25,000 ಡಾಲರ್ ಆಗುತ್ತದೆ, ಅದೂ ತೆರಿಗೆ ಕಟ್ಟಿದ ಮೇಲೆ ಕೈಯಲ್ಲಿ ಉಳಿದ ಹಣದಲ್ಲಿ. ಒಳ್ಳೆಯ ಡಿಸ್ಟ್ರಿಕ್ಟಿನಲ್ಲಿ ಮನೆ ಹಿಡಿಯಲು ತಿಂಗಳಿಗೆ 800 ಡಾಲರ್ ಹೆಚ್ಚು ಬಾಡಿಗೆ ಕೊಟ್ಟರೂ ವರ್ಷಕ್ಕೆ 9,600 ಡಾಲರ್. ಮಕ್ಕಳು ಇಬ್ಬರಿದ್ದರೂ ಅಷ್ಟೇ. ಅರಿಜೋನ 2022ರಲ್ಲಿ, ಫ್ಲಾರಿಡಾ 2023ರಲ್ಲಿ ಖಾಸಗಿ ಶಾಲೆಯ ಖರ್ಚಿಗೆ ಸರ್ಕಾರದ ಹಣ ಕೊಡುವ ಯೋಜನೆಯನ್ನು ಎಲ್ಲ ಆದಾಯದವರಿಗೂ ವಿಸ್ತರಿಸಿವೆ. ಅಲ್ಲಿರುವವರು ಈ ಲೆಕ್ಕವನ್ನು ಬೇರೆಯಾಗಿ ಮಾಡಬೇಕು.

ಶುಲ್ಕ ಕಟ್ಟುವ ಶಕ್ತಿ ಇಂದು ಇದೆಯೆಂದಷ್ಟೇ ನೋಡಿದರೆ ಸಾಲದು, ವೀಸಾದ ದಾರಿಯನ್ನೂ ನೋಡಬೇಕು. ನಮ್ಮವರು ಮರೆಯುವುದು ಇದನ್ನೇ. ಭಾರತದಲ್ಲಿ ಹುಟ್ಟಿದವರ ಗ್ರೀನ್ ಕಾರ್ಡ್ ಸರದಿ ಎಷ್ಟು ಉದ್ದವಿದೆಯೆಂದರೆ, ಇಂದು ಹತ್ತು ವರ್ಷದ ಮಗು 21 ತುಂಬಿ ಎಚ್-4 ಸ್ಥಾನಮಾನವನ್ನೇ ಕಳೆದುಕೊಳ್ಳುವ ಸಾಧ್ಯತೆಯನ್ನು ಗಂಭೀರವಾಗಿ ಲೆಕ್ಕಕ್ಕೆ ತೆಗೆದುಕೊಳ್ಳಬೇಕಾಗುತ್ತದೆ. ಎಚ್-4 ಅಥವಾ ವಿದ್ಯಾರ್ಥಿಗಳ ಎಫ್-1 ವೀಸಾದಲ್ಲಿ ಕಾಲೇಜು ಓದುವ ಮಗುವಿಗೆ ಕೇಂದ್ರ ಸರ್ಕಾರದ ವಿದ್ಯಾರ್ಥಿ ನೆರವಾಗಲಿ ಸಾಲವಾಗಲಿ ದೊರೆಯುವುದಿಲ್ಲ. ರಾಜ್ಯದ ನಿವಾಸಿಗಳಿಗಿರುವ ಕಡಿಮೆ ಶುಲ್ಕ ಸಿಗುವುದೋ ಇಲ್ಲವೋ ಎಂಬುದು ರಾಜ್ಯದಿಂದ ರಾಜ್ಯಕ್ಕೆ ಬದಲಾಗುತ್ತದೆ. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಲ್ಲಿ ಹೊರಗಿನವರಿಗೆ ಊಟ, ವಸತಿ ಬಿಟ್ಟು ಬೋಧನಾ ಶುಲ್ಕವೇ ವರ್ಷಕ್ಕೆ 50,000 ಡಾಲರಿನ ಆಸುಪಾಸಿನಲ್ಲಿದೆ. ಐದನೇ ಗ್ರೇಡಿನಲ್ಲಿ ಉಳಿಸಿದ ಹಣ ಅಂಥ ಹೊತ್ತಿನಲ್ಲಿ ಮಗುವಿನ ಕೈ ಹಿಡಿಯುತ್ತದೆ.

ಇದೇ ಸಂದರ್ಭದಲ್ಲಿ ಒಂದು ಎಚ್ಚರಿಕೆ. ಊರಿನಿಂದ ಅಣ್ಣನ ಮಗನನ್ನೋ ಅಕ್ಕನ ಮಗಳನ್ನೋ ಕರೆಸಿಕೊಂಡು ನಮ್ಮ ಮನೆಯಲ್ಲಿಟ್ಟು ಓದಿಸುತ್ತೇವೆ ಎಂದು ಆಲೋಚಿಸುವವರಿದ್ದಾರೆ. ಎಫ್-1 ವೀಸಾದಲ್ಲಿ ಬರುವ ಮಗು ಎಂಟನೇ ಗ್ರೇಡಿನವರೆಗೆ ಪಬ್ಲಿಕ್ ಶಾಲೆಗೆ ಸೇರುವಂತೆಯೇ ಇಲ್ಲ. ಹೈಸ್ಕೂಲಿನಲ್ಲಿ ಗರಿಷ್ಠ 12 ತಿಂಗಳು ಓದಬಹುದು, ಅದಕ್ಕೂ ಪೂರ್ಣ ವೆಚ್ಚವನ್ನು ಡಿಸ್ಟ್ರಿಕ್ಟಿಗೆ ತೆರಬೇಕು. ಅದಕ್ಕಿಂತ ಹೆಚ್ಚು ಓದಬೇಕಾದರೆ ಅಂಥ ಮಗುವಿಗೆ ಖಾಸಗಿ ಶಾಲೆಯೊಂದೇ ದಾರಿ.

ಖಾಸಗಿ ಹೈಸ್ಕೂಲಿನಿಂದ ದೊಡ್ಡ ಕಾಲೇಜಿಗೆ ಸೀಟು ಸುಲಭವಾಗಿ ಸಿಗುತ್ತದೆಂಬ ನಂಬಿಕೆಯಿಂದ ಹಣ ಹಾಕಬೇಡಿ. ಕಾಲೇಜು ಮಟ್ಟದ ಎಪಿ ಕೋರ್ಸುಗಳು ಅನೇಕ ಪಬ್ಲಿಕ್ ಹೈಸ್ಕೂಲುಗಳಲ್ಲಿ ಧಾರಾಳವಾಗಿವೆ. ಟೆಕ್ಸಸ್ ರಾಜ್ಯದಲ್ಲಿ 1997ರ ಕಾನೂನಿನಿಂದಾಗಿ ಸರ್ಕಾರಿ ವಿಶ್ವವಿದ್ಯಾಲಯದ ಪ್ರವೇಶಕ್ಕೆ ತನ್ನ ಶಾಲೆಯಲ್ಲೇ ಮಗು ಎಷ್ಟನೇ ಸ್ಥಾನದಲ್ಲಿದೆ ಎಂಬುದು ಬಹಳ ಮುಖ್ಯವಾಗುತ್ತದೆ. ಎಲ್ಲರೂ ಜಾಣರೇ ಇರುವ ಶಾಲೆಯಲ್ಲಿ ಒಳ್ಳೆಯ ವಿದ್ಯಾರ್ಥಿಯೂ ಹಿಂದೆ ಬೀಳಬಹುದು. ಖಾಸಗಿ ಶಾಲೆಗಳಲ್ಲಿ ಕೌನ್ಸೆಲರ್ ಒಬ್ಬರ ಪಾಲಿಗೆ ಬರುವ ಮಕ್ಕಳ ಸಂಖ್ಯೆ ಸಾಮಾನ್ಯವಾಗಿ ಕಡಿಮೆ ಎಂಬುದು ನಿಜ, ಇಲ್ಲಿನ ಕಾಲೇಜು ಅರ್ಜಿಗಳ ಗಂಧಗಾಳಿಯಿಲ್ಲದ ಹೊಸ ಪೋಷಕರಿಗೆ ಅದು ನಿಜವಾದ ಅನುಕೂಲವೇ.

ಇಷ್ಟೆಲ್ಲ ನೋಡಿದ ಮೇಲೂ ಖಾಸಗಿ ಶಾಲೆಯೇ ಬೇಕೆನಿಸಿದರೆ, ಓಪನ್ ಹೌಸಿನ ದಿನ ತೋರಿಸುವ ಕಟ್ಟಡ, ಲ್ಯಾಬುಗಳಿಗೆ ಮರುಳಾಗದೆ, ಮಾಮೂಲಿ ದಿನವೊಂದರಲ್ಲಿ ತರಗತಿಯೊಳಗೆ ಸ್ವಲ್ಪ ಹೊತ್ತು ಕೂರಲು ಅವಕಾಶ ಕೇಳಿ. ಕಳೆದ ವರ್ಷ ಎಷ್ಟು ಶಿಕ್ಷಕರು ಬಿಟ್ಟುಹೋದರು, ಎಷ್ಟು ಮಕ್ಕಳು ನಡುವೆಯೇ ಬೇರೆ ಶಾಲೆಗೆ ಹೋದರು, ಶುಲ್ಕದ ಹೊರತಾಗಿ ಬಸ್ಸು, ಪ್ರವಾಸ, ವಾರ್ಷಿಕ ದೇಣಿಗೆ ಎಂದು ಇನ್ನೆಷ್ಟು ಕೊಡಬೇಕಾಗುತ್ತದೆ ಎಂದು ನೇರವಾಗಿ ವಿಚಾರಿಸಿ. ಶುಲ್ಕದಲ್ಲಿ ರಿಯಾಯಿತಿ ಕೇಳಲು ನಾಚಿಕೆ ಬೇಡ, ಅದಕ್ಕೆಂದೇ ಅರ್ಜಿ ಇರುತ್ತದೆ. ಆದರೆ ಅದನ್ನು ಪ್ರವೇಶದ ಅರ್ಜಿಯ ಜೊತೆಗೇ ಹಾಕಬೇಕಾಗುತ್ತದೆ. ಕೊನೆಗೆ ಪ್ರವೇಶದ ಕರಾರುಪತ್ರ ಕೈಗೆ ಬಂದಾಗ, ಅದರಲ್ಲಿ ಬಿಡುವ ದಿನಾಂಕಕ್ಕೆ ಸಂಬಂಧಿಸಿದ ಭಾಗವನ್ನು ಮೊದಲು ಓದಿ. ಒಂದು ದಿನಾಂಕ ದಾಟಿದ ಮೇಲೆ ಮಗು ಒಂದು ದಿನವೂ ಶಾಲೆಗೆ ಬರದಿದ್ದರೂ ಇಡೀ ವರ್ಷದ ಶುಲ್ಕ ಕೊಡಬೇಕೆಂಬ ಷರತ್ತು ಬಹಳಷ್ಟು ಶಾಲೆಗಳಲ್ಲಿದೆ. ಎಚ್-1ಬಿ ಎಂಬ ಕೆಲಸದ ವೀಸಾದಲ್ಲಿರುವವರಿಗೆ ಕೆಲಸ ಹೋದರೆ ಸಿಗುವ ಕಾಲಾವಕಾಶ ಹೆಚ್ಚೆಂದರೆ 60 ದಿನ. ಬೇರೆ ರಾಜ್ಯಕ್ಕೋ ಊರಿಗೋ ಹೊರಡಬೇಕಾಗಿ ಬಂದರೂ ಆ ಕರಾರು ಬೆನ್ನು ಬಿಡುವುದಿಲ್ಲ. ಕೆಲಸ ಹೋದ ಸಂದರ್ಭಕ್ಕೆ, ವೀಸಾ ಕಾರಣದಿಂದ ದೇಶ ಬಿಡಬೇಕಾದ ಸಂದರ್ಭಕ್ಕೆ ವಿನಾಯಿತಿ ಉಂಟೇ ಎಂದು ಸಹಿ ಹಾಕುವ ಮೊದಲು ಕೇಳಿ, ಉಂಟೆಂದು ಬಾಯಿಮಾತಿನಲ್ಲಿ ಹೇಳಿದರೆ ಅದನ್ನು ಕರಾರಿನಲ್ಲೇ ಬರೆಸಿಕೊಳ್ಳಿ.