ಮಾತು ನಿಂತವರ ಜೊತೆ ತಾಳಮದ್ದಳೆ

ಮುಂಬೈ ಪಕ್ಕದ ಡೊಂಬಿವಲಿಯಲ್ಲಿ ಮಾನಸಿಕ ಕಾಯಿಲೆಯವರಿಗಾಗಿ ಇರುವ ನಮ್ಮ ಡೇ ಕೇರ್‌ನಲ್ಲಿ ಮಾತು ಕಮ್ಮಿಯಾದವರನ್ನು ಮಾತಾಡಿಸಲು ತಾಳಮದ್ದಳೆ ಹಿಡಿದಾಗ ನಗದವರಿಲ್ಲ. ವೇಷ, ಕುಣಿತ ಇಲ್ಲದ ಯಕ್ಷಗಾನ ಅದು: ಭಾಗವತರು ಪದ್ಯ ಹಾಡುತ್ತಾರೆ, ಅರ್ಥಧಾರಿಗಳು ಕೂತಲ್ಲೇ ಪಾತ್ರವಾಗಿ ಅದರ ಅರ್ಥ ಹೇಳುತ್ತಾರೆ. "ಅರ್ಥ ಹೇಳಲು ನಮಗೇ ಇಪ್ಪತ್ತು ವರ್ಷ ಬೇಕಾಯ್ತು, ಇವರ ಬಾಯಲ್ಲಿ ಹೇಳಿಸ್ತೀರಾ ಮಾರಾಯ್ರೆ?" ಎಂದರು ಹಿರಿಯ ಅರ್ಥಧಾರಿಯೊಬ್ಬರು. ಈಗ ಅವರೇ ಬಂದು ನಮ್ಮವರ ಎದುರು ಕೂರುತ್ತಾರೆ.

ಮೊದಲು ಚಿತ್ರ ಬಿಡಿಸುವುದಿತ್ತು. ಬಣ್ಣ, ಹಾಳೆ ಅಂತ ಮೂರ್ನಾಲ್ಕು ಸಾವಿರ ಹೋಯಿತು. ಹೋಟೆಲಿನ ಗಲ್ಲಾದಲ್ಲಿ ಜೀವಮಾನ ಕಳೆದವರ ಕೈಗೆ ಕ್ರೆಯಾನ್ ಕೊಟ್ಟರೆ, "ಇದು ಮೊಮ್ಮಗನ ಕೆಲಸ" ಎಂದು ಎದ್ದುಹೋದರು. ಭಜನೆಯಲ್ಲಿ ಎಲ್ಲರೂ ಬಾಯಿ ಆಡಿಸಿದರು. ಮನೆಗೆ ಹೋದರೆ ಮತ್ತೆ ಅದೇ ಮೌನ.

ತಾಳಮದ್ದಳೆಯೂ ಸುಲಭಕ್ಕೆ ಹಿಡಿತಕ್ಕೆ ಬರಲಿಲ್ಲ. ಚೆಂಡೆ ಮೊದಲ ದಿನವೇ ಹೊರಗೆ. ಇಲ್ಲದ ದನಿ ಕೇಳುವವರಿಗೆ ಆ ಸದ್ದು ಹಿಂಸೆ. ಒಬ್ಬರಂತೂ ಮೆಟ್ಟಿಲಿಳಿದು ಸ್ಟೇಷನ್ ದಾರಿ ಹಿಡಿದಿದ್ದರು. ಮದ್ದಳೆ, ತಾಳ, ಶ್ರುತಿಪೆಟ್ಟಿಗೆ ಸಾಕು. ಬೆಳಿಗ್ಗೆ ಹತ್ತಕ್ಕೆ ಇಟ್ಟರೆ ರಾತ್ರಿ ನುಂಗಿದ ಓಲಾಂಜಪಿನ್ ಮಾತ್ರೆಯ ಮಂಪರು ಇಳಿದಿರುವುದಿಲ್ಲ, ಅರ್ಧ ಜನ ತೂಕಡಿಕೆ. ನಾಲ್ಕು ಗಂಟೆ ಸರಿ. ಭಾನುವಾರ ಹಳಿ ದುರಸ್ತಿಗೆ ಲೋಕಲ್ ರೈಲು ನಿಲ್ಲಿಸುವ ಮೆಗಾಬ್ಲಾಕ್ ಕಾಟ, ದಾದರಿನಿಂದ ಭಾಗವತರು ತಲುಪುವುದೇ ಇಲ್ಲ, ಹಾಗಾಗಿ ಶನಿವಾರ. ಮಾತ್ರೆಗೆ ಬಾಯಿ ಒಣಗುತ್ತದೆ, ಪ್ರತಿಯೊಬ್ಬರ ಪಕ್ಕ ನೀರಿರಲಿ. ಮಾತ್ರೆ ಒಂದನ್ನೂ ನಾವು ಬಿಡಿಸಿಲ್ಲ, ಅದು ಡಾಕ್ಟರ ಲೆಕ್ಕ.

ಇಲ್ಲಿ ಯಾರೂ ಏನೂ ಇಲ್ಲದಲ್ಲಿಂದ ಮಾತು ಹುಟ್ಟಿಸಬೇಕಿಲ್ಲ. ಭಾಗವತರು ಪದ್ಯದಲ್ಲಿ ಹೇಳಿಬಿಟ್ಟಿರುತ್ತಾರೆ, ಅದನ್ನು ತನ್ನ ಮಾತಲ್ಲಿ ಬಿಡಿಸಿದರಾಯಿತು. ವಾಲಿ–ರಾಮರ ಸಂವಾದ ನನ್ನ ಕೈಗೆ ಸಿಕ್ಕ ಚಿನ್ನ. ಮರೆಯಲ್ಲಿ ನಿಂತು ಬಾಣ ಬಿಟ್ಟೆಯಲ್ಲ ಎಂದು ದಬಾಯಿಸುವ ಹಕ್ಕು ವಾಲಿಗಿದೆ. ತಿಂಗಳುಗಟ್ಟಲೆ ಹೂಂ, ಉಹೂಂ ಬಿಟ್ಟು ಏನೂ ಆಡದವರೊಬ್ಬರು ವಾಲಿಯಾಗಿ ಬೈದರು ನೋಡಿ: "ತಮ್ಮನ ಮಾತು ಕೇಳಿದೆ, ನನ್ನನ್ನು ಒಂದು ಮಾತು ಕೇಳಿದೆಯಾ?" ಅವರ ಮನೆಯ ಆಸ್ತಿ ಜಗಳ ಬಲ್ಲವರಿಗೆ ಅದು ಯಾವ ತಮ್ಮ ಎಂದು ಹೇಳಬೇಕಿರಲಿಲ್ಲ. ನಾವು ಆ ಬಗ್ಗೆ ತುಟಿ ಬಿಚ್ಚಲಿಲ್ಲ. ಬಿಚ್ಚಿದ್ದರೆ ಅವರು ಮುಂದಿನ ವಾರ ಬರುತ್ತಿರಲಿಲ್ಲ. ಕರ್ಣನ ಜನ್ಮರಹಸ್ಯಕ್ಕೆ ಮಾತ್ರ ಕೈ ಹಾಕಬೇಡಿ. ಅತ್ತವರನ್ನು ಸಮಾಧಾನ ಮಾಡುವುದರಲ್ಲೇ ಆ ಸಂಜೆ ಮುಗಿಯಿತು.

ಇಲ್ಲೇ ಹುಟ್ಟಿ ಮರಾಠಿ ಶಾಲೆಗೆ ಹೋದವರಿಗೆ ಪದ್ಯವನ್ನು ದೇವನಾಗರಿಯಲ್ಲಿ ಬರೆದು ಕೊಡುತ್ತೇವೆ. 'ಳ' ಅವರಲ್ಲೂ ಇದೆ. ಮರಾಠಿ ಬರಹದಲ್ಲಿಲ್ಲದ ಹ್ರಸ್ವ ಎ, ಒ ಮಾತ್ರ ಬಾಯಲ್ಲೇ ತಿದ್ದಬೇಕು.

ನಡುವೆ, ವೇಷದ ಯಕ್ಷಗಾನದಂತೆ ಮುಖಕ್ಕೆ ಬಣ್ಣ ಬರೆಯುವ ಮುಖವರ್ಣಿಕೆಯನ್ನೂ ಮಾಡಿ ನೋಡಿದೆ. ಅಷ್ಟು ಹೊತ್ತು ಕನ್ನಡಿ ಮುಂದೆ ಕೂತು, ಸಂಶಯ ಹೆಚ್ಚಿದವರಿಗೆ ತಮ್ಮ ಮುಖವೇ ಬೇರೆಯವರದಾಗಿ ಕಂಡರೆ ಕಥೆ ಮುಗಿಯಿತು. ಕೈಬಿಟ್ಟೆ. ಕಿರೀಟಕ್ಕೆ ಬೇಗಡೆ (ಹೊಳೆಯುವ ತೆಳು ಹಾಳೆ) ಅಂಟಿಸುವ ಕೆಲಸ ಮಾತ್ರ ಉಳಿಯಿತು, ಕೈ ನಡುಗುವವರೂ ಮಾಡುತ್ತಾರೆ.

ಭಾಗವತರು, ಮದ್ದಳೆಯವರು ಸೇರಿ ವಾರಕ್ಕೆ ಸಾವಿರದಷ್ಟು, ಚಹಾ ಬಿಸ್ಕತ್ತಿಗೆ ಇನ್ನೂರು. ಮಳೆಗಾಲದ ಥಂಡಿಗೆ ಮದ್ದಳೆ ಶ್ರುತಿಗೆ ನಿಲ್ಲದೆ ಅದರ ಬಾಯಿಯ ಚರ್ಮದ ಮುಚ್ಚಿಗೆ ಬದಲಿಸಲು ಎರಡೂವರೆ ಸಾವಿರ ಬಿತ್ತು. ಅನುದಾನ ಕೇಳಲು ಹೋದಲ್ಲಿ, ವಿಶ್ವ ಆರೋಗ್ಯ ಸಂಸ್ಥೆಯ ಯುರೋಪ್ ಕಚೇರಿ 2019ರಲ್ಲಿ ತಂದ ವರದಿ ಮುಂದಿಟ್ಟೆ. ಕಲೆ ಮತ್ತು ಆರೋಗ್ಯದ 3,000ಕ್ಕೂ ಹೆಚ್ಚು ಅಧ್ಯಯನಗಳ ಸಾರ ಅದು. "ಇದರಲ್ಲಿ ತಾಳಮದ್ದಳೆ ಎಲ್ಲಿದೆ?" ಎಂದು ಕೇಳಿ ಕಳಿಸಿದರು. ಅಂದಿನಿಂದ ಮೊಬೈಲಿನ ಸ್ಟಾಪ್‌ವಾಚ್ ಇಟ್ಟು ಯಾರು ಎಷ್ಟು ಹೊತ್ತು ಮಾತಾಡಿದರು ಎಂದು ಬರೆದಿಡುತ್ತಿದ್ದೇನೆ. ಶುರುವಿನಲ್ಲಿ ಇಪ್ಪತ್ತು ಸೆಕೆಂಡೂ ದಾಟದವರಲ್ಲಿ ಆರೇಳು ಜನ ಈಗ ಐದು ನಿಮಿಷ ದಾಟುತ್ತಾರೆ.

ಬಾಯಿಯೇ ಬಿಡದವರಿಂದ ಮೊದಲ ವಾಕ್ಯ ಹೇಗೆ ಹೊರಡಿಸುತ್ತೇನೆ ಎಂಬುದನ್ನು ಬರೆಯುವುದಿಲ್ಲ. ಅವರಿಗೆ ಮೊದಲು ಕೊಡುವ ಪಾತ್ರದಲ್ಲಿದೆ ಗುಟ್ಟು, ಮತ್ತು ಅದು ವಾಲಿ ಅಲ್ಲ.